ಅವ್ವನ ಹಣೆಯ ರೂಪಾಯಿ

ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೆ ಅಹಮದಾಬಾದಿನ ನಮ್ಮ ಕನ್ನಡದ ಮಂದಿ ಆ ಸುದ್ದಿಯನ್ನು ಎಲ್ಲರಿಗೂ ಹೇಳುತ್ತಿದ್ದರು, ಅವರೊಬ್ಬರನ್ನು ಬಿಟ್ಟು. ಆದರೂ ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಮಣಿನಗರದಿಂದ ಆ ಲಡಕಾಸಿ ಸ್ಕೂಟರ್ ಏರಿ, ಹ್ಯಾಂಡಲ್ಲಿಗೆ ಮೋಸಂಬಿಯ ಚೀಲ ಸಿಕ್ಕಿಸಿಕೊಂಡು ಬಂದೇ ಬರುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ಅವರ ಬೊಕ್ಕ ತಲೆ ಕಂಡರೆ ಸಾಕು, ರೋಗಿಯ ಹೆಂಡತಿಗೆ ಎದೆ ಧಸಕ್ಕೆನ್ನುತ್ತಿತ್ತು. "ಏನೂ ಆಗೂದಿಲ್ಲ ತಗೋರಿ, ನಾ ಬಂದೇನಲ್ಲ" ಎಂದು ಅವರು ಧೈರ್ಯ ಹೇಳಿದರಂತೂ ಮುಗಿದೇಹೋಯಿತು.

ವಡೋದರಾದಲ್ಲಿ ಒಬ್ಬ ಮೇಷ್ಟರಿದ್ದರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು. ಅವರಿಗೆ ನ್ಯುಮೋನಿಯಾ ಆಗಿ ಡಾಕ್ಟರು ಕೈಚೆಲ್ಲಿದ್ದರಂತೆ. ಇವರು ರೈಲು ಹತ್ತಿ ಹೋಗಿ ಮಂಚದ ಪಕ್ಕ ನಿಂತರು. ಮೇಷ್ಟರು ಕಣ್ಣು ಬಿಟ್ಟು ನೋಡಿ, "ಇವರನ್ನ ಯಾರ್ರೀ ಕರೆಸಿದ್ದು?" ಎಂದು ಕೂಗಿ ಎದ್ದು ಕೂತರು. ವಾರದೊಳಗೆ ಮನೆಗೂ ಹೋದರು. ಈ ಕತೆಯನ್ನು ಇವರೇ ಕೈ ತಟ್ಟಿಕೊಂಡು ನಗುತ್ತಾ ಎಲ್ಲರಿಗೂ ಹೇಳುತ್ತಿದ್ದರು: "ಡಾಕ್ಟರ್ ಕೈಲೆ ಆಗಲಿಲ್ಲ ನೋಡ್ರಿ. ನನ್ನ ಮಾರೀ ನೋಡಿ ಹೆದರಿ ಬದಕಿದ ಮಗಾ!"

ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ಧಾರವಾಡದ ಕಡೆಯವರಾದ್ದರಿಂದ ಕಾಕಾ ಅನ್ನುತ್ತಿದ್ದೆವು. ಗುಜರಾತಿಯಲ್ಲೂ ಚಿಕ್ಕಪ್ಪ ಕಾಕಾನೇ ಆದ್ದರಿಂದ ನೆರೆಹೊರೆಯವರೂ ಹಾಗೇ ಕರೆಯುತ್ತಿದ್ದರು. ಕೆಲಸ ಜೀವವಿಮೆಯದು. ಮದುವೆಯಾಗಿ ಹೊಸದಾಗಿ ಬಂದ ಜೋಡಿ ಕಂಡರೆ ಪಾಲಿಸಿ ಮಾಡಿಸದೆ ಬಿಡುತ್ತಿರಲಿಲ್ಲ. ಅದೇ ಕೈಯಿಂದಲೇ ಕಡೆಗೆ ಹಣೆಗೆ ನಾಣ್ಯವನ್ನೂ ಇಡುತ್ತಿದ್ದರು. "ಮುಂಗಡ ಬುಕಿಂಗೂ ಇವರದೇ, ಡೆಲಿವರಿನೂ ಇವರದೇ" ಎಂದು ನಮ್ಮ ಯಜಮಾನರು ಕುಚೋದ್ಯ ಮಾಡುತ್ತಿದ್ದರು.

ಈ ನಾಣ್ಯದ ಮಾತು ಸ್ವಲ್ಪ ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹಣೆಯ ಮೇಲೊಂದು ರೂಪಾಯಿ ಅಂಟಿಸುತ್ತಾರೆ. ಊರಲ್ಲಿದ್ದರೆ ಅದನ್ನೆಲ್ಲ ಮಾಡಲು ಹಿರಿಯರಿರುತ್ತಾರೆ. ಬ್ಯಾಂಕು, ರೈಲ್ವೆ, ತೈಲದ ಕಂಪನಿ ಅಂತ ವರ್ಗವಾಗಿ ಗುಜರಾತಿಗೆ ಬಂದುಬಿದ್ದ ನಮ್ಮಂಥವರಿಗೆ ಏನು ಗೊತ್ತು? ಮನೆಯಲ್ಲಿ ಸಾವಾದಾಗ ತಲೆ ಯಾವ ದಿಕ್ಕಿಗೆ ಮಾಡಬೇಕು ಅನ್ನುವುದಕ್ಕೂ ಟ್ರಂಕ್ ಕಾಲ್ ಮಾಡುತ್ತಿದ್ದವರು ನಾವು. ಅಂಥ ಹೊತ್ತಿನಲ್ಲಿ ಕಾಕಾ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಷರಟಿನ ಒಳಜೇಬಿನಿಂದ ಕೆಂಪು ಬಟ್ಟೆಯ ಗಂಟು ತೆಗೆಯುತ್ತಿದ್ದರು. ಅದರಲ್ಲಿ ಹಳೆಯ ಬೆಳ್ಳಿ ರೂಪಾಯಿ. ದೊಡ್ಡದು. ರಾಜನ ಮೂಗು ಕಿವಿ ಎಲ್ಲ ಸವೆದು ಮುಖ ಹಪ್ಪಳದಂತಾಗಿತ್ತು. ವಿಭೂತಿ ಕಲಸಿ ಅದರ ಬೆನ್ನಿಗೆ ಹಚ್ಚಿ ಹಣೆಗೆ ಒತ್ತುತ್ತಿದ್ದರು. ಬಗ್ಗಿ ಆ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಆಮೇಲೆ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ದೇವರಂಥವರು ಎನ್ನುತ್ತಿದ್ದರೇನೋ. ಹೆಣ ಎತ್ತುವ ಹೊತ್ತಿಗೆ ಕಾಕಾ ತಮ್ಮ ಬೆಳ್ಳಿ ರೂಪಾಯಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಮನೆಯವರದೇ ಒಂದು ನಾಣ್ಯವನ್ನು ಆ ಜಾಗಕ್ಕೆ ಇಡುತ್ತಿದ್ದರು. ತಮ್ಮದನ್ನು ತೊಳೆದು, ಒರೆಸಿ, ಮತ್ತೆ ಗಂಟು ಕಟ್ಟಿ ಜೇಬಿಗೆ ಹಾಕುತ್ತಿದ್ದರು. ಬಾಯಿಗೆ ಸಿಕ್ಕಿತಲ್ಲ ಜನಕ್ಕೆ! "ಹೆಣದ ಮೇಲಿನ ಕಾಸನ್ನೂ ಬಿಡಲ್ಲ ಮಾರಾಯ" ಎಂದರು. ಕಾಕಾ ಕೂತ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ, ಅವರು ತಂದ ಮೋಸಂಬಿಯನ್ನು ಕೆಲಸದವಳಿಗೆ ಕೊಟ್ಟುಬಿಡುತ್ತಿದ್ದರು. ಕಾಕಾ ಕೈ ಕುಲುಕಲು ಚಾಚಿದರೆ ದೂರದಿಂದಲೇ ನಮಸ್ಕಾರ ಮಾಡುತ್ತಿದ್ದರು. ಕಾಕಾಗೆ ಇದೆಲ್ಲ ತಿಳಿಯುತ್ತಿರಲಿಲ್ಲ ಅಂದುಕೊಂಡಿರಾ? ಎಲ್ಲ ತಿಳಿಯುತ್ತಿತ್ತು.

ನನಗೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ಅಭ್ಯಾಸವಿಲ್ಲ. ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿಗೆ ಪಾಲಿಸಿಯ ಕಂತಿನ ವಿಷಯಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ಅಲ್ಲ ಕಾಕಾ, ಕೊಟ್ಟಿದ್ದನ್ನ ವಾಪಸ್ ಯಾಕೆ ಇಸ್ಕೋತೀರಿ? ಜನ ಏನೇನೋ ಆಡ್ಕೋತಾರೆ."

ಅವರು ತಟ್ಟೆಗೆ ಸುರಿದುಕೊಂಡ ಚಹಾ ಮುಗಿಸಿ ಹೇಳಿದರು. "ಇದು ನಮ್ಮವ್ವನ ಹಣೀಮ್ಯಾಲಿಂದು ಯವ್ವಾ. ಆಕೀನ ಎತ್ತೂ ಮುಂದ ನಮ್ಮ ಸ್ವಾದರಮಾವ ತಗದು ನನ್ನ ಕೈಯಾಗ ಇಟ್ಟ. ನಿನ್ನ ದಿನಾ ಬಂದಾಗ ಇದ ನಿನ್ನ ಹಣೀಗೆ ಇರಲಿ, ಅವ್ವನ ಹಣಿ ಹತ್ತಿದ್ದು ಅಂದ. ನನಗ ಮತ್ತೇನೂ ಬ್ಯಾಡ. ಮೆರವಣಿಗಿ ಬ್ಯಾಡ, ಭಜನಿ ಬ್ಯಾಡ. ಇದೊಂದು ನನ್ನ ಹಣೀಮ್ಯಾಲ ಕೂತರ ಸಾಕು. ಅಲ್ಲೀತನಕ ಸುಮ್ಮನ ಕಿಸೇದಾಗ ಯಾಕ ಕೊಳೀಬೇಕು, ನಾಕು ಮಂದೀಗೆ ಉಪಯೋಗ ಆಗಲಿ ಅಂತ ತರತೇನಿ. ಈ ಹೊಸಾ ರೂಪಾಯಿ ನೋಡೀರಿಲ್ಲೋ? ಅಂಗೀ ಗುಂಡೀ ಇದ್ದಂಗ ಅದ. ಹಣೀಮ್ಯಾಲ ನಿಂದರೂದ ಇಲ್ಲ, ಜಾರಿ ಕಿವ್ಯಾಗ ಬೀಳತದ. ಅಚ್ಚು ಹಾಕೂ ಮಂದೀಗೆ ಸಾಯೂ ಮಂದೀ ಖಬರ ಎಲ್ಲಿರತದ?"

ಆಗತಾನೆ ಸ್ಟೀಲಿನ ಸಣ್ಣ ರೂಪಾಯಿ ಬಂದಿತ್ತು. ಅದೂ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಹಾಲಿನವನೂ ತರಕಾರಿಯವನೂ "ಛುಟ್ಟಾ ನಥಿ" ಎಂದು ಚಿಲ್ಲರೆಯ ಬದಲು ಚಾಕಲೇಟು ಕೊಡುತ್ತಿದ್ದ ಕಾಲ.

ಕಾಕಾಗೆ ಇನ್ನೊಂದು ಹುಚ್ಚಿತ್ತು. ಲೋಕದಲ್ಲಿ ಯಾವ ಜನ ಹೆಣಕ್ಕೆ ಎಲ್ಲಿ ಕಾಸು ಇಡುತ್ತಾರೆ ಅನ್ನುವುದನ್ನೆಲ್ಲ ಲೈಬ್ರರಿಯಲ್ಲಿ ಕೂತು ಓದುವುದು, ಓದಿದ್ದನ್ನು ಎಲ್ಲಿ ಹೇಳಬಾರದೋ ಅಲ್ಲಿ ಹೇಳುವುದು. ಮಣಿನಗರದ ಶಾಲೆಯ ಹಾಲಿನಲ್ಲಿ ಯುಗಾದಿ ಮಾಡುತ್ತಿದ್ದೆವು. ಎಲೆಗೆ ಹೋಳಿಗೆ ಬಿದ್ದಿರುತ್ತಿತ್ತು, ತುಪ್ಪ ಬಡಿಸುತ್ತಿರುವಾಗ ಇವರು ಶುರು ಮಾಡುತ್ತಿದ್ದರು: "ಈ ತುಪ್ಪದ ಮ್ಯಾಲಿಂದ ನೆನಪಾತು. ನೀಲಗಿರಿಯೊಳಗ ಬಡಗರು ಅಂತ ಅದಾರ, ಮಾತು ನಮ್ಮ ಕನ್ನಡದ ಹಂಗ. ಅವರಲ್ಲಿ ಜೀವಾ ಹೋಗೂ ಮುಂದ ಸಣ್ಣ ಬಂಗಾರದ ಹಣಾ ತುಪ್ಪದಾಗ ಅದ್ದಿ ಬಾಯಾಗ ಹಾಕತಿದ್ರಂತ." ಪಂಕ್ತಿಯಲ್ಲಿ ಅರ್ಧ ಜನ ತುಪ್ಪ ಬೇಡವೆಂದರು. ನಾಮಕರಣದ ಮನೆಯಲ್ಲಿ, ಇಂಗ್ಲೆಂಡಿನವರು ಸತ್ತವರ ರೆಪ್ಪೆ ತೆರೆಯದಿರಲೆಂದು ಕಣ್ಣಿಗೊಂದೊಂದು ತಾಮ್ರದ ಪೆನ್ನಿ ಇಡುತ್ತಿದ್ದರು ಎಂದು ಹೇಳಿ ಕೂಸಿನ ಅಜ್ಜಿಯ ಕೈಲಿ ಬೈಸಿಕೊಂಡಿದ್ದರು.

"ಇದೆಲ್ಲ ಯಾಕೆ ಮಾಡ್ತಿದ್ರು ಕಾಕಾ?" ಎಂದರೆ ನಗುತ್ತಿದ್ದರು. "ಯಾರಿಗೆ ಗೊತ್ತು? ಮೊದಲ ಒಬ್ಬಾಂವಗ ಏನರ ಫಜೀತಿ ಆಗಿರತದ. ಅಂವಾ ಆ ಹೊತ್ತಿಗೆ ಏನೋ ಒಂದು ಮಾಡಿರತಾನ. ನೋಡಿದವ್ರು ಅದನ್ನ ಪದ್ಧತಿ ಅಂತ ತಿಳಕೊಂಡು ಮುಂದ ನಡಸ್ಕೋತ ಹೋಗತಾರ."

ನಮ್ಮ ಅತ್ತೆಗೆ ಮಾತ್ರ ಕಾಕಾ ಅಂದರೆ ಪಂಚಪ್ರಾಣ. ಮಾವ ಹೋದಮೇಲೆ ತಿಪಟೂರಿನಿಂದ ನಮ್ಮ ಜೊತೆ ಬಂದು ಇದ್ದವರು. ಗುಜರಾತಿ ಒಂದಕ್ಷರ ಬಾರದು, ಹಿಂದಿಯೂ ಅಷ್ಟೆ. ಕಾಕಾನನ್ನು ಇನ್ಸೂರೆನ್ಸಪ್ಪ ಎಂದು ಕರೆಯುತ್ತಿದ್ದರು. ಗ್ರೀಕರು ಹೆಣದ ಬಾಯಲ್ಲಿ ಕಾಸಿಡುತ್ತಿದ್ದರು, ಅದು ಆಚೆ ದಡಕ್ಕೆ ದಾಟಿಸುವ ಅಂಬಿಗನ ಕೂಲಿ ಎಂದು ಕಾಕಾ ಹೇಳಿದಾಗ ಅತ್ತೆ ಕೆರಳಿಬಿಟ್ಟರು.

"ಸತ್ತೋರ್ ಹತ್ರಾನೂ ದುಡ್ಡು ಕೇಳ್ತಾನಾ ಅವ್ನು? ಮನೆ ಹಾಳಾಗ! ನಾಚ್ಕೆ ಇಲ್ವಾ ಅವ್ನಿಗೆ?"

"ನಮ್ಮದು ಹಂಗಲ್ಲರಿ ಅಮ್ಮಾರ," ಎಂದು ಕಾಕಾ ಸಮಾಧಾನ ಮಾಡಿದರು. "ನಮ್ಮದು ಹಣೆಬರಹ ಮುಚ್ಚಾಕ. ಬರದದ್ದೆಲ್ಲ ಮುಗೀತು, ಇನ್ನ ಯಾರೂ ಓದೂದು ಬ್ಯಾಡ ಅಂತ." ಇದು ಪುಸ್ತಕದ್ದೋ ಅವರೇ ಕಟ್ಟಿದ್ದೋ ನನಗೆ ಗೊತ್ತಿಲ್ಲ. ಅತ್ತೆಗೆ ಬಹಳ ಇಷ್ಟವಾಯಿತು. ಬಹಳ ಹೊತ್ತು ತಮ್ಮ ಹಣೆ ಸವರಿಕೊಂಡು ಕೂತಿದ್ದರು.

ಅತ್ತೆಗಿದ್ದ ದಿಗಿಲು ಬೇರೆ. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಇಲ್ಲಿ ನೋಡಿದರೆ ಎಲ್ಲರನ್ನೂ ಸುಡುತ್ತಾರೆ. "ನನ್ನನ್ನ ಸುಡ್ಬೇಡ್ರಪ್ಪ. ಮಣ್ಣಿಗೆ ಹಾಕಿ" ಎಂದು ಮಗನಿಗೆ ಹೇಳಿದರೆ ಅವರು, "ಸುಮ್ನಿರಮ್ಮ, ಈಗ್ಯಾಕೆ ಆ ಮಾತು" ಎನ್ನುತ್ತಿದ್ದರು. ಕಾಕಾ ಹಾಗೆನ್ನಲಿಲ್ಲ. ಅತ್ತೆಯ ಎದುರು ಕೂತು, "ಮಣ್ಣಿನ ಜವಾಬ್ದಾರಿ ನಂದು. ನಾ ಮಾತು ಕೊಟ್ಟೇನಿ" ಎಂದರು. ಅತ್ತೆ ಅವತ್ತು ರಾಗಿ ಮುದ್ದೆ ಮಾಡಿಸಿ ಅವರಿಗೆ ಬಡಿಸಿದರು. ಧಾರವಾಡದವರು ಪಾಪ, ಅಗಿದು ಅಗಿದು ಸುಸ್ತಾದರು.

ಅತ್ತೆ ಹೋದದ್ದು ಮೇ ತಿಂಗಳ ಒಂದು ಬೆಳಗ್ಗೆ. ಸ್ನಾನ ಮಾಡಿ ಲಿಂಗಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಹೊರಗೆ ಬೆಂಕಿಯಂಥ ಬಿಸಿಲು. ಊರಿಗೆ ಒಯ್ಯುವ ಮಾತೇ ಇರಲಿಲ್ಲ, ಎರಡು ದಿನದ ದಾರಿ. ಸುದ್ದಿ ತಿಳಿದು ಕಾಕಾ ಬಂದರು. ಬೆಳ್ಳಿ ರೂಪಾಯಿ ಅತ್ತೆಯ ಹಣೆಗೆ ಇಟ್ಟು ಕಿವಿಯಲ್ಲಿ ಹೇಳಿದರು. ಅವತ್ತು ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು: "ಮುಗೀತು ಅಮ್ಮಾರ. ಇನ್ನ ಯಾರೂ ಓದೂದಿಲ್ಲ." ನಾನು ಆವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಆಫೀಸಿನವರು ಯಜಮಾನರನ್ನು ಸುತ್ತುವರಿದಿದ್ದರು. ಈ ಬಿಸಿಲಲ್ಲಿ ತಡ ಮಾಡುವುದು ಬೇಡ, ವಿದ್ಯುತ್ ಚಿತಾಗಾರಕ್ಕೆ ಒಯ್ಯೋಣ, ಈ ಊರಲ್ಲಿ ಹೂಳುವುದಕ್ಕೆ ಯಾರು ಜಾಗ ಕೊಡುತ್ತಾರೆ ಎಂದರು. ಯಜಮಾನರು ನನ್ನ ಮುಖ ನೋಡಿದರು. ಪಾಪ, ಅವರ ಕೈಲಾದರೂ ಏನಿತ್ತು? ಹೂಂ ಅನ್ನುವುದರಲ್ಲಿದ್ದರು. ಕಾಕಾ ಎದ್ದು ನಿಂತರು. "ನನ್ನ ಮಾತು ಅದ ಅದರಾಗ. ಬರ್ರಿ ಗಾಡೀಮ್ಯಾಲ" ಎಂದು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು.

ಚಾಂದ್‌ಖೇಡಾ ದಾಟಿ ಹೋದರೆ ಒಂದು ಹಳ್ಳಿ. ಅಲ್ಲಿ ಗೋಸಾಯಿಗಳ ಕೆಲವು ಮನೆ, ಶಿವನ ಪೂಜೆಯವರು. ಅವರಲ್ಲೂ ಸುಡುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತಾರೆ. ಅಲ್ಲಿನ ಹಿರಿಯ ಒಬ್ಬ ಬಾವಾಜಿಗೆ ಕಾಕಾ ಯಾವುದೋ ಕಾಲದಲ್ಲಿ ಪಾಲಿಸಿ ಮಾಡಿಸಿದ್ದರು! ಬಾವಾಜಿ ಮೊದಲು ಒಪ್ಪಲಿಲ್ಲವಂತೆ. ಅದು ನಮ್ಮ ಜಾತಿಯವರ ಜಾಗ, ನೀವು ಎಲ್ಲಿಯವರೋ ಎಂದನಂತೆ. "ಒಮ್ಮೆ ಬಂದು ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ" ಎಂದು ಕಾಕಾ ಅವನನ್ನೂ ಎಬ್ಬಿಸಿಕೊಂಡು ಬಂದರು. ಬಾವಾಜಿ ನಮ್ಮ ಹಾಲಿನ ಬಾಗಿಲಲ್ಲಿ ನಿಂತ. ಗೋಡೆಗೆ ಒರಗಿ ಕೂತ ಅತ್ತೆ, ಹಣೆತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ನೋಡುತ್ತಾ ನೋಡುತ್ತಾ ಅವನ ಮುಖವೇ ಬದಲಾಯಿತು. "ಆ ತೋ ಅಮಾರಾ ಜ ಮಾಣಸ್" ಎಂದ. ಇವರು ನಮ್ಮವರೇ ಅಲ್ಲವೇ ಎಂದು. ಅತ್ತೆ ಗುಜರಾತಿನಲ್ಲಿ ಗಳಿಸಿದ ಒಬ್ಬನೇ ನೆಂಟ ಅವನು.

ನಮ್ಮಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತೇವೆ. ಹಳ್ಳಿಯ ಹುಡುಗರು ಬೇವಿನ ಮರದ ಕೆಳಗೆ ಗುಂಡಿ ತೋಡಿದ್ದರು. ಅತ್ತೆಯನ್ನು ಇಳಿಸುವ ಮುಂಚೆ ಕಾಕಾ ಎಂದಿನಂತೆ ಬೆಳ್ಳಿ ರೂಪಾಯಿ ಬಿಡಿಸಿಕೊಂಡು ನಮ್ಮ ಮನೆಯ ನಾಣ್ಯ ಇಟ್ಟರು. ತಮ್ಮದನ್ನು ತೊಳೆದು ಕೆಂಪು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಆಗ ಬಾವಾಜಿ ಕೈ ಎತ್ತಿ ತಡೆದ. ಗುಂಡಿಯ ತಳಕ್ಕೆ ಒಂದು ಬೆಳ್ಳಿ ರೂಪಾಯಿ ಹಾಕಬೇಕು ಎಂದ. ಅದು ಅವರ ಮನೆತನದ ಪದ್ಧತಿಯಂತೆ. "ಜಮೀನ್ ಅಮಾರಿ ನಥಿ, ಧರತಿ ಮಾನಿ ಛೇ." ನೆಲ ನಮ್ಮದಲ್ಲ, ಭೂಮಿತಾಯಿಯದು, ಹೋಗುವವರು ಅವಳಿಂದ ಕೊಂಡುಕೊಳ್ಳಬೇಕು, ಕೊಳ್ಳದೆ ಕೂತರೆ ನಾಳೆ ನಮ್ಮವರೇ ಏಳು ಅನ್ನುತ್ತಾರೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದ.

ಯಜಮಾನರು ನೋಟು ತೆಗೆದರು. ಕಾಗದ ನಡೆಯುವುದಿಲ್ಲ ಎಂದ. ನಾನು ನನ್ನ ಬೆಳ್ಳಿ ಕಾಲುಂಗುರಕ್ಕೆ ಕೈ ಹಾಕಿದೆ. ಒಡವೆ ದಾನವಾಗುತ್ತದೆ ಬೇಟಿ, ಕ್ರಯವಾಗುವುದಿಲ್ಲ ಎಂದ. ಅವನ ದನಿಯಲ್ಲಿ ಹಟವಿರಲಿಲ್ಲ, ಅವನಿಗೂ ಸಂಕಟವೇ. ಪೇಟೆಗೆ ಹೋಗಿ ಹುಡುಕಿ ತರುವಷ್ಟು ಹೊತ್ತು ಆ ಬಿಸಿಲು ಕೊಡುವಂತಿರಲಿಲ್ಲ.

ಎಲ್ಲರ ಕಣ್ಣೂ ಕಾಕಾನ ಕೈಯ ಮೇಲೆ ಹೋಯಿತು. ಹೇಗೆ ಕೇಳುವುದು ಹೇಳಿ? ಕಾಕಾ ಆ ಗಂಟನ್ನು ಮತ್ತೆ ಬಿಚ್ಚಿದರು. ರೂಪಾಯಿಯನ್ನು ಮಗುಚಿ ನೋಡಿದರು, ಹೆಬ್ಬೆರಳಲ್ಲಿ ತಿಕ್ಕಿದರು. ಒಂದು ಸಲ ತಮ್ಮ ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಗುಂಡಿಗೆ ಇಳಿದು ತಳದಲ್ಲಿ ಅದನ್ನಿಟ್ಟು, ಮೇಲೆ ಒಂದು ಹಿಡಿ ಮಣ್ಣು ಹಾಕಿದರು. "ಅಮ್ಮಾರ, ಜಾಗಾ ನಿಮ್ಮದಾತು" ಎಂದರು. ಹತ್ತಲಾಗದೆ ಕೈ ಚಾಚಿದಾಗ ನಮ್ಮ ಯಜಮಾನರು ಎಳೆದುಕೊಂಡರು. ಎಳೆದುಕೊಂಡ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಕುಚೋದ್ಯ ಮಾಡುವ ಮನುಷ್ಯ ಅವತ್ತಿನಿಂದ ಕಾಕಾನ ಬಗ್ಗೆ ಒಂದು ಹಗುರ ಮಾತು ಆಡಿದವರಲ್ಲ.

ತಿಥಿ ಮುಗಿದ ಮೇಲೆ, ಚಿನಿವಾರರ ಹತ್ತಿರ ಅಂಥದೇ ಒಂದು ರೂಪಾಯಿ ತಂದುಕೊಡುತ್ತೇವೆ ಕಾಕಾ ಎಂದೆವು. ಅವರು ಅಪರೂಪಕ್ಕೆ ಸಿಟ್ಟಾದರು. "ಅದರ ಮ್ಯಾಲ ನಮ್ಮವ್ವನ ಹಣಿ ಎಲ್ಲೈತ್ರಿ? ತಂದ್ರ ನಾ ನಿಮ್ಮ ಮನೀ ಹೊಸ್ತಿಲಾ ತುಳಿಯೂದಿಲ್ಲ." ಸ್ವಲ್ಪ ಹೊತ್ತಿಗೆ ತಾವೇ ನಕ್ಕರು. "ನನ್ನ ಹಣೀಗೆ ಏನ ಇಡತೀರಿ ಈಗ? ಚಾಕಲೇಟ?" ನಾನು ನಗಲಿಲ್ಲ. ಒಳಜೇಬು ಖಾಲಿಯಾಗಿದ್ದರೂ ಅವರ ಕೈ ಆಗಾಗ ಅಲ್ಲಿಗೆ ಹೋಗಿ ಬರುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಕಾಕಾ ಸೂರತ್ತಿಗೆ ಹೋದರು. ಒಬ್ಬಳೇ ಮಗಳು ಅಲ್ಲಿ ಬ್ಯಾಂಕಿನಲ್ಲಿದ್ದಳು. ಗುಜರಾತಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಮಾತಾಡಿದರೆ ಎಡವುತ್ತಿದ್ದಳು. ಅಲ್ಲೂ ಕಾಕಾ ಊರೆಲ್ಲ ಸುತ್ತಿ ಕನ್ನಡದ ಮನೆಗಳನ್ನು ಹುಡುಕಿ ಗುರುತು ಮಾಡಿಕೊಂಡರಂತೆ. ಫೋನ್ ಮಾಡಿದರೆ, "ಇಲ್ಲೆ ಮಂದಿ ಭಾಳ ಗಟ್ಟಿ ಅದಾರ ಯವ್ವಾ, ನನಗ ಕೆಲಸನ ಇಲ್ಲ" ಎನ್ನುತ್ತಿದ್ದರು.

ಕಡೆಗೆ ಕೆಲಸ ಬಂದದ್ದು ಅವರ ಮನೆಯಲ್ಲೇ. ಮಗಳು ಫೋನಿನಲ್ಲಿ, "ಆಂಟಿ, ಪಪ್ಪಾ..." ಎಂದಳು, ಮುಂದೆ ಹೇಳಲಾಗಲಿಲ್ಲ. ಸಿಕ್ಕ ರೈಲು ಹತ್ತಿ ನಾವಿಬ್ಬರೂ ಹೋದೆವು. ಮನೆ ತುಂಬ ಗುಜರಾತಿ ನೆರೆಯವರು, ಕನ್ನಡದವರೂ ಹಲವರು ಬಂದಿದ್ದರು. ವಡೋದರಾದ ರಸಾಯನಶಾಸ್ತ್ರದ ಮೇಷ್ಟರೂ ಕೋಲೂರಿಕೊಂಡು ಬಂದಿದ್ದರು. ಕಾಕಾ ಹಾಲಿನ ನಡುವೆ ಮಲಗಿದ್ದರು. ಹಣೆ ಖಾಲಿ. ಊರವರ ಹಣೆಗೆಲ್ಲ ಇಟ್ಟ ಮನುಷ್ಯನಿಗೆ ಇಡುವುದು ಯಾರಿಗೂ ತಿಳಿದಿರಲಿಲ್ಲ. ಕಾಕಾನ ಹೆಂಡತಿ, ಕಾಕು, ನನ್ನನ್ನು ನೋಡಿ, "ನೀ ಇಡವಾ. ನಿಮ್ಮ ಮನೀಗೇ ಅಲ್ಲಾ ಆ ರೂಪಾಯಿ ಕೊಟ್ಟದ್ದು" ಎಂದರು. ಅವರು ಕುಟುಕಿ ಹೇಳಲಿಲ್ಲ, ನನಗೇ ಎದೆಯಲ್ಲಿ ಕುಟುಕಿತು.

ಪರ್ಸು ತಡಕಿದೆ. ಸ್ಟೇಷನ್ನಿನ ಅಂಗಡಿಯವನು ಕೊಟ್ಟ ಚಾಕಲೇಟುಗಳು, ಅವುಗಳ ನಡುವೆ ಸ್ಟೀಲಿನ ಸಣ್ಣ ರೂಪಾಯಿ ಒಂದೇ ಒಂದು. ವಿಭೂತಿ ಕಲಸಿ ಅಂಟಿಸಿದೆ. ಜಾರಿತು. ಇನ್ನಷ್ಟು ಮೆತ್ತಿ ಇಟ್ಟೆ. ಆ ಅಗಲವಾದ ನುಣ್ಣನೆಯ ಹಣೆಯಿಂದ ಮೆಲ್ಲಗೆ ಸರಿದು, ಅವರೇ ಹೇಳುತ್ತಿದ್ದಂತೆ, ಕಿವಿಯ ಹತ್ತಿರ ಹೋಗಿ ಬಿತ್ತು. ನನಗೆ ರೋಷ ಬಂತು. ಕಾಕಾ, ನಿಮಗೆ ಬೇಕಾಗಿದ್ದದ್ದು ಒಂದೇ ಒಂದು, ಅದನ್ನು ನಮ್ಮ ಅತ್ತೆಗೆ ಕೊಟ್ಟಿರಿ, ಈಗ ಈ ಅಂಗಿಗುಂಡಿಯಂಥ ಕಾಸೂ ನಿಮ್ಮ ಮೇಲೆ ನಿಲ್ಲುವುದಿಲ್ಲವೇ? ಅದನ್ನು ಮತ್ತೆ ಹಣೆಯ ನಡುವೆ ಇಟ್ಟು ಬೆರಳಿನಿಂದ ಒತ್ತಿ ಹಿಡಿದು ಕೂತೆ. ಬಿಡುವುದಿಲ್ಲ, ಎತ್ತುವವರೆಗೂ ಹೀಗೇ ಎಂದು ಗಟ್ಟಿ ಮನಸ್ಸು ಮಾಡಿದೆ. ಕಿವಿಯಲ್ಲಿ ಅವರ ಮಾತೇ ಹೇಳಿದೆ: "ಮುಗೀತು ಕಾಕಾ. ಇನ್ನ ಯಾರೂ ಓದೂದಿಲ್ಲ."

ತೋಳು ಸೋಲುತ್ತಿತ್ತು. ಪಕ್ಕದ ಮನೆಯ ಗುಜರಾತಿ ಹೆಂಗಸು ಬಹಳ ಹೊತ್ತಿನಿಂದ ನೋಡುತ್ತಿದ್ದವಳು ಬಂದು ಮೊಣಕಾಲೂರಿ, "ಮಾರೇ ಪಣ್ ಕರವಾನು, ಬೇನ್?" ಎಂದು ಕೇಳಿದಳು. ನಾನೂ ಮಾಡಬೇಕೇ ಎಂದು. ಇದು ನಮ್ಮ ಪದ್ಧತಿ ಅಂದುಕೊಂಡಿದ್ದಳು. ಅಲ್ಲ, ಜಾರುತ್ತದೆ ಅಂತ ಹಿಡಿದಿದ್ದೇನೆ ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ಹೌದೆಂದು ತಲೆ ಆಡಿಸಿದೆ. ಅವಳು ಸೆರಗು ಹೊದ್ದು, ನನ್ನ ಬೆರಳಿನ ಜಾಗದಲ್ಲಿ ತನ್ನ ಬೆರಳಿಟ್ಟಳು. ಅವಳ ಹಿಂದೆ ಅವಳ ಗಂಡ. ಆಮೇಲೆ ಮಗಳು, "ಆಂಟಿ, ನಾನು ಹಿಡಿ... ಹಿಡೀತೀನಿ" ಎಂದು ಬಂದಳು. ಮನೆಯಲ್ಲಿದ್ದವರೆಲ್ಲ ತಾವಾಗಿ ಸಾಲು ನಿಂತರು. ಕಾಕಾ ಕೈ ಚಾಚಿದರೆ ದೂರದಿಂದ ನಮಸ್ಕಾರ ಮಾಡುತ್ತಿದ್ದ ನಮ್ಮ ಕನ್ನಡದವರೂ ಬಂದರು. ಒಬ್ಬರ ಬೆರಳು ಬಿಡುವ ಮುಂಚೆ ಇನ್ನೊಬ್ಬರದು ಕೂತಿತು, ರೂಪಾಯಿ ಮತ್ತೆ ಜಾರಲಿಲ್ಲ. ಮೇಷ್ಟರು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದಿದ್ದರು. "ಇವರು ನನಗೆ ಇಡ್ಬೇಕಾಗಿತ್ತು ಕಣಮ್ಮ" ಎಂದು ಮಗುವಿನ ಹಾಗೆ ಅತ್ತರು.

ಮೊನ್ನೆ ಕಾಕಾನ ಮಗಳು ಸೂರತ್ತಿನಿಂದ ಫೋನ್ ಮಾಡಿದ್ದಳು. ಅಲ್ಲಿನ ಕನ್ನಡದವರ ಮನೆಯೊಂದರಲ್ಲಿ ಅಜ್ಜಿ ಹೋದರಂತೆ. ಯಾರಿಗೂ ಏನೂ ಗೊತ್ತಿರಲಿಲ್ಲವಂತೆ, ಇವಳೇ ಹೋಗಿ ಮುಂದೆ ನಿಂತು ಎಲ್ಲ ಮಾಡಿಸಿದಳಂತೆ.

"ಆಂಟಿ, ಹಣೆಗೆ ಕಾಯಿನ್ ಇಟ್ವಿ. ಆಮೇಲೆ ನಮ್ಮ ಪದ್ಧತಿ ಥರ ಎಲ್ಲಾರೂ ಒಬ್ಬೊಬ್ಬರೇ ಬಂದು ಬೆರಳಿಂದ ಹಿಡಿದ್ರು, ಎತ್ತೋ ತನಕ. ಯಾರೂ ಬಿಡ್ಲಿಲ್ಲ. ಕರೆಕ್ಟ್ ಅಲ್ವಾ? ಪಪ್ಪಾಗೆ ಹಾಗೇ ಮಾಡಿದ್ವಿ ಅಲ್ವಾ?"

ಮೊದಲಿಗೆ ಯಾರಿಗೋ ಆದ ಫಜೀತಿಯ ಮಾತು ಹೇಳಿ ನಗುತ್ತಿದ್ದ ಕಾಕಾನ ಮುಖ ಕಣ್ಣ ಮುಂದೆ ಬಂತು.

"ಹೌದಮ್ಮ," ಎಂದೆ. "ಸರಿಯಾಗಿ ಮಾಡಿದ್ದೀಯ. ಹಾಗೇ ಮಾಡ್ಬೇಕು."